ಮೂಕಗುಡ್ಡ ಮತ್ತು ಅದರೆದುರಿನ ಬಂಡೆ

ಯಲ್ಲಾಪುರದ ಪಡುವಣ ಕಾಡಿನಲ್ಲಿ, ಸಿದ್ದಿಗಳಾದ ನಮ್ಮ ಊರಿನ ಬೆನ್ನಿಗಿರುವ ಗುಡ್ಡಕ್ಕೆ ಮೂಕಗುಡ್ಡ ಎಂದು ಹೆಸರು. ಇಳಿಜಾರಿನ ತುಂಬ ರಾಗಿ, ಕೆಳಗೆ ಕಣಿವೆ, ಕಣಿವೆಯಾಚೆ ಒಂಟಿ ಕರಿಬಂಡೆ. ಡಮ್ಮಾಮ ಎಂಬ ದೊಡ್ಡ ಚರ್ಮವಾದ್ಯ ಬಾರಿಸುವುದರಲ್ಲಿ ಸೀಮೆಗೇ ಹೆಸರಾದವರ ಗುಡ್ಡ ಮೂಕವಾದದ್ದು ಹೇಗೆ ಎಂದು ಬಂದವರು ಕೇಳುತ್ತಾರೆ. ನನ್ನ ಅಜ್ಜಿ ಹೇಳಿದ್ದನ್ನು ಬೇರೆ ಮನೆಗಳ ಹಿರಿಯರ ಮಾತಿನೊಡನೆ ಹೋಲಿಸಿ, ಹೊಂದಿದಷ್ಟನ್ನೇ ಇಲ್ಲಿ ಬರೆದಿದ್ದೇನೆ.

ಹಿಂದೆ ಒಮ್ಮೆ, ಆಫ್ರಿಕಾದಿಂದ ಹಡಗಿನಲ್ಲಿ ತಂದು ಕರಾವಳಿಯಲ್ಲಿ ಮಾರಿದ್ದ ನಮ್ಮ ಪೂರ್ವಜರಲ್ಲಿ ಕೆಲವರು ಒಂದು ಬೀಜದ ಗಂಟು, ಒಂದು ಡಮ್ಮಾಮ ಹೊತ್ತು ಕೊಂಡ ಧಣಿಯಿಂದ ತಪ್ಪಿಸಿಕೊಂಡು ಘಟ್ಟ ಹತ್ತಿ ಬಂದರಂತೆ. ಹಿರಿಯನಾದ ಕೈತಾನ್ ಪೊದೆ ಸವರಿಸಿ, ಸುಡಿಸಿ, ಇದ್ದ ಬೀಜವನ್ನೆಲ್ಲ ಆ ಬೂದಿಯಲ್ಲಿ ಬಿತ್ತಿಸಿದ. ಧಣಿಗಾಗಿ ದುಡಿದ ಕೈಗಳು ತಮಗಾಗಿ ಬಿತ್ತಿದ ಮೊದಲ ಬೆಳೆ ಅದು. ಹುಡುಕುವವರ ಕಿವಿಗೆ ಬೀಳದಿರಲೆಂದು, ಯಾರೂ ಡಮ್ಮಾಮ ಮುಟ್ಟಕೂಡದು ಎಂದು ಕಟ್ಟಪ್ಪಣೆ ಮಾಡಿದ.

ತೆನೆ ಬಲಿತಾಗ ಧಣಿಯ ಆಳುಗಳು ನಾಯಿಗಳೊಂದಿಗೆ ಬಂದು ಕಣಿವೆಯ ಹಳ್ಳದ ಬಳಿ ಬೀಡುಬಿಟ್ಟರು. ಅದೇ ಸಂಜೆ ಕಾಡುಹಂದಿಗಳ ಹಿಂಡು ರಾಗಿಗೆ ನುಗ್ಗಿತು. ಕೂಗುವಂತಿಲ್ಲ, ಬೆಂಕಿ ಹಚ್ಚುವಂತಿಲ್ಲ. ಜನ ಬಾಯಿ ಬಿಗಿದುಕೊಂಡು ಕಲ್ಲೆಸೆದರು, ಹಂದಿಗಳು ಕದಲಲಿಲ್ಲ. ಆಗ ಕೈತಾನನ ಸೊಸೆ ಫೆಲ್ಸಿ ಡಮ್ಮಾಮವನ್ನು ಹೆಗಲಿಗೇರಿಸಿದಳು.

“ಇಡು ಕೆಳಗೆ! ಎಲ್ಲರನ್ನೂ ಹಿಡಿಸಿಕೊಡ್ತೀಯಾ?” ಎಂದ ಕೈತಾನ್.

“ಹಂದಿಗೆ ನಿಮ್ಮ ಮೀಸೆಯ ಭಯ ಇಲ್ಲ, ಮಾವ. ಈ ಬೆಳೆ ಹೋದರೆ ಹೊಟ್ಟೆಯೇ ನಮ್ಮನ್ನು ಎಳೆದುಕೊಂಡು ಹೋಗಿ ಧಣಿಯ ಬಾಗಿಲಲ್ಲಿ ನಿಲ್ಲಿಸ್ತದೆ. ನಾನು ಆಚೆ ಬಂಡೆಗೆ ಹೋಗ್ತೇನೆ. ಅಲ್ಲಿಂದ ಡಮ್ಮಾಮ ಕೇಳ್ತಿರುವಷ್ಟು ಹೊತ್ತು ಗಂಟಲು ಹರಿಯೋ ಹಾಗೆ ಕೂಗಿ. ಅದು ನಿಂತರೆ ಉಸಿರೂ ಬಿಡಬೇಡಿ.”

ಸ್ವಲ್ಪ ಹೊತ್ತಿಗೆ ಬಂಡೆಯ ಮೇಲಿಂದ ಡಮ್ಮಾಮ ಗುಡುಗಿತು. ನಾಯಿಗಳು ಬೊಗಳುತ್ತ ಅತ್ತ ತಿರುಗಿದವು, ಆಳುಗಳೂ ಅತ್ತಲೇ ಓಡಿದರು. ಆ ಸದ್ದಿನ ಮರೆಯಲ್ಲಿ ಗುಡ್ಡದವರು ಕೂಗಿ ಕೂಗಿ ಹಂದಿಗಳನ್ನು ಅಟ್ಟಿದರು. ಕೊನೆಯ ಹಂದಿ ಪೊದೆ ಸೇರುವ ಹೊತ್ತಿಗೆ ಡಮ್ಮಾಮ ಪೆಟ್ಟಿನ ನಡುವೆಯೇ ನಿಂತಿತು. ಎಲ್ಲರೂ ರಾಗಿಯ ನಡುವೆ ಬೋರಲು ಬಿದ್ದರು. ಕೂಗಿಬಿಟ್ಟೇನೆಂಬ ಭಯದಿಂದ ಕೈತಾನ್ ತನ್ನ ಬಾಯಿಯನ್ನು ತಾನೇ ಮುಚ್ಚಿ ಹಿಡಿದ.

ಫೆಲ್ಸಿ ತಿರುಗಿ ಬರಲಿಲ್ಲ. ಬಂಡೆಯಿಂದ ಹಾರಿದಳು ಎನ್ನುತ್ತಾರೆ. ಹಿಡಿದೊಯ್ದರು ಎಂದೂ ಎನ್ನುತ್ತಾರೆ. ಯಾವುದಕ್ಕೂ ಸಾಕ್ಷ್ಯ ಸಿಗದ ಕಾರಣ ಎರಡನ್ನೂ ಹಾಗೆಯೇ ಬಿಟ್ಟಿದ್ದೇನೆ. ಆಳುಗಳು ಈ ಗುಡ್ಡದತ್ತ ಬರಲೇ ಇಲ್ಲ. ರಾಗಿಯನ್ನು ಜನ ಮಾತಿಲ್ಲದೆ ಕೊಯ್ದರು. ಜನವಿದ್ದೂ ಸದ್ದಿಲ್ಲದ ಆ ಗುಡ್ಡವನ್ನು ಆಮೇಲೆ ಕಂಡ ನೆರೆಯವರು ಮೂಕಗುಡ್ಡ ಎಂದು ಕರೆದರು.

ಮುಂದೆ ಕಾಡು ಸವರಿ ಬಿತ್ತುವುದಕ್ಕೆ ಸರ್ಕಾರದ ತಡೆ ಬಂದು, ಇಳಿಜಾರು ಬಹುಕಾಲ ಮುಳ್ಳುಪೊದೆಯ ಪಾಲಾಗಿತ್ತು. ಅರಣ್ಯ ಹಕ್ಕು ದೊರೆತ ವರ್ಷ ನಾವು ಹೆಂಗಸರೇ ಸವರಿ ಮತ್ತೆ ರಾಗಿ ಬಿತ್ತಿದೆವು. ಗುಡ್ಡದ ಮೇಲೆ ಇಂದಿಗೂ ಡಮ್ಮಾಮ ಬಾರಿಸುವುದಿಲ್ಲ. ಕೊಯ್ಲಿನ ಸಂಜೆ ಊರಿನ ಸೊಸೆಯೊಬ್ಬಳು ಡಮ್ಮಾಮವೊಂದನ್ನು ಹೊತ್ತು ಆಚೆ ಬಂಡೆಗೆ ಹೋಗುತ್ತಾಳೆ. ಅಲ್ಲಿ ಸದ್ದು ಎದ್ದೊಡನೆ ಇಲ್ಲಿ ನಾವು ಕೂಗತೊಡಗುತ್ತೇವೆ. ಅವಳು ಬಾರಿಸುತ್ತಲೇ ಬಂಡೆಯಿಳಿದು, ಹಳ್ಳ ದಾಟಿ, ನಮ್ಮ ಗುಡ್ಡದ ಬುಡಕ್ಕೆ ಬಂದು ನಿಲ್ಲುವವರೆಗೆ ಯಾರೂ ಕೂಗು ನಿಲ್ಲಿಸುವುದಿಲ್ಲ.