ಮಂದಿಗೆ ಬೆಲೆ

"ನಮ್ಮ ಮನಿ ಮದುವಿಗೆ ಮಂದಿ ಎಣಿಸೋ ಪದ್ಧತಿ ಇಲ್ಲ. ಅಕ್ಕಿ ಎಷ್ಟು, ಅಷ್ಟು ಹೇಳು. ಕಮ್ಮಿ ಬಿತ್ತೋ, ಈ ಊರಾಗ ಮತ್ತ ಸೌಟು ಹಿಡೀಬ್ಯಾಡ!" ಎಂದರು ದೇಸಾಯರು, ಬೀಗರ ಎದುರಿಗೇ.

ಕಿಲೋ ಅಕ್ಕಿಗೆ ಎಂಟು ಮಂದಿ ಎಂಬುದು ಅಡಿಗೆಯ ಮಡಿವಾಳಪ್ಪನ ಅಳತೆ. ಮೊಬೈಲಿನಲ್ಲಿ ಆನ್‌ಲೈನ್ ಕ್ಯಾಲ್ಕುಲೇಟರ್ ತೆರೆದು, 'ಅಕ್ಕಿ = ಮಂದಿ ÷ 8' ಎಂದು ಬರೆದು ಒತ್ತಿದ. ಬಂದ ಉತ್ತರವನ್ನು ಗಟ್ಟಿಯಾಗಿ ಓದಿದ: "ಮಂದಿಗೆ ಬೆಲೆ ಕೊಟ್ಟಿಲ್ಲ."

ಬೀಗರು ತಲೆಯೆತ್ತಿ ನೋಡಿದರು.

"ಯಾವನಲೇ ಹಂಗಂದಾವ?" ದೇಸಾಯರು ಬೆವೆತರು.

"ಕ್ಯಾಲ್ಕುಲೇಟರ್ ರೀ, ಧಣಿ. 'ಮಂದಿ' ಅನ್ನೋ ಹೆಸರಿಗೆ ನೀವೊಂದು ಸಂಖ್ಯೆ ಕೊಟ್ರ, ಅದು ಅಕ್ಕಿ ಹೇಳತೈತಿ."

"ಸಾವಿರ ಹಾಕು!"

ನೂರಿಪ್ಪತ್ತೈದು ಕಿಲೋ ಎಂದಿತು. ದೇಸಾಯರ ಕಣ್ಣರಳಿತು. "ಬೀಗರ ಕಡೆ ಇನ್ನೂರು ಹೆಚ್ಚಾದ್ರ?"

ಮಂದಿ ಬದಲಿಸಿದೊಡನೆ ಅಕ್ಕಿಯೂ ತಾನಾಗಿ ಏರಿತು. ದೇಸಾಯರು ಮೊಬೈಲನ್ನೇ ಕಸಿದುಕೊಂಡು ಕೂತರು. ತುಸು ಹೊತ್ತಿಗೆ ಬೀಗರತ್ತ ವಾಲಿ ಕೇಳಿದರು: "ಹಾಲು ಕುಡಿಯೋ ಕೂಸುಗಳ್ನ ಮಂದ್ಯಾಗ ಹಿಡೀಲ್ಯೋ, ಬ್ಯಾಡೋ?"