ಮೊಲದ ಕತ್ತಿನ ಹಿಂದೆ ಕೆಂಚಕ್ಕನ ಗುರುತು

ಆಗಿನ್ನೂ ಲೋಕ ಹೊಸದು. ಎಷ್ಟು ಹೊಸದು ಅಂದರೆ, ಎಲೆ ಮುಟ್ಟಿದರೆ ಕೈಗೆ ಹಸಿರು ಅಂಟುತ್ತಿತ್ತು. ಬೆಟ್ಟಗಳು ಎಲ್ಲಿ ಕೂರಬೇಕು ಅಂತ ತೀರ್ಮಾನ ಮಾಡಿರಲಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಬಾಗಿಲ ಮುಂದಿದ್ದ ಬೆಟ್ಟ ಹಿತ್ತಿಲಿಗೆ ಹೋಗಿರುತ್ತಿತ್ತು. ಹೊಳೆ ದಿನಕ್ಕೊಂದು ದಾರಿ ಹಿಡಿದು ನೋಡುತ್ತಿತ್ತು. ಗಾಳಿಯಂತೂ ಒಂದು ಗಳಿಗೆ ಕೂತಿದ್ದನ್ನು ಯಾರೂ ಕಂಡಿರಲಿಲ್ಲ. ಆಮೇಲೂ ಕಂಡಿಲ್ಲ, ಆ ಮಾತು ಬೇರೆ.

ಹೀಗೆ ಎಲ್ಲವೂ ಓಡಾಡಿಕೊಂಡಿದ್ದ ಕಾಲದಲ್ಲಿ ಯಾವುದು ಯಾರದು ಅಂತ ಹೇಳುವುದೇ ಕಷ್ಟ. ಅದರಲ್ಲೂ ಬಟ್ಟೆಬರೆ.

ಊರಿನ ಬಟ್ಟೆಯನ್ನೆಲ್ಲ ಒಗೆಯುತ್ತಿದ್ದವಳು ಕೆಂಚಕ್ಕ. ನಲವತ್ತು ಮನೆಯ ಪಂಚೆ, ನಲವತ್ತು ಮನೆಯ ಸೀರೆ, ಒಂದೇ ಹೊಳೆ, ಒಂದೇ ಬಂಡೆ. ಸಂಜೆ ಹಂಚುವ ಹೊತ್ತಿಗೆ ದಿನಾ ಜಗಳ. "ಇದು ನನ್ನ ಪಂಚೆ!" "ನಿನ್ನದು ಹೇಗಾಗತ್ತಯ್ಯ, ನಿನ್ನ ಸೊಂಟಕ್ಕೆ ಇದು ಎರಡು ಸುತ್ತು ಬರಲ್ಲ!" ಅಂತ.

ಕೆಂಚಕ್ಕನಿಗೆ ಇದರಿಂದ ಅನ್ನ ಸೇರುತ್ತಿರಲಿಲ್ಲ. ಅವಳ ಸ್ವಭಾವವೇ ಹಾಗೆ. ಏನಾದರೂ ಕಳೆದುಹೋಗುತ್ತೇನೋ ಅನ್ನೋ ಚಿಂತೆ ಬಂತೆಂದರೆ ಎದ್ದಳು, ಕೂತಳು, ಮತ್ತೆ ಎದ್ದಳು.

ಒಂದು ದಿನ ಹಾಗೇ ಎದ್ದು ಕೂತು ಎದ್ದು ಗುಡ್ಡದ ಮೇಲೆಲ್ಲ ಅಲೆಯುವಾಗ ಅವಳಿಗೆ ಕರಿಗೇರಿನ ಕಾಯಿ ಸಿಕ್ಕಿತು. ಕಾಯಿಗೆ ಸೂಜಿ ಚುಚ್ಚಿದಳು, ಕಪ್ಪು ಹಾಲು ಒಸರಿತು. ಅದರಿಂದ ಬಟ್ಟೆಯ ಮೂಲೆಗೆ ಒಂದು ಚುಕ್ಕೆ ಇಟ್ಟಳು, ಮೇಲೆ ಸುಣ್ಣದ ನೀರು ಸವರಿದಳು, ಮೂರು ಬಿಸಿಲು ಒಣಗಿಸಿದಳು. ಆಮೇಲೆ ಬಂಡೆಗೆ ನೂರು ಸಲ ಬಡಿದಳು. ಬಟ್ಟೆ ಹರಿಯಿತು, ಚುಕ್ಕೆ ಹೋಗಲಿಲ್ಲ.

ಅಂದಿನಿಂದ ಗೌಡರ ಮನೆಗೆ ಒಂದು ಚುಕ್ಕೆ, ಕುಂಬಾರರ ಮನೆಗೆ ಎರಡು ಗೆರೆ, ಬೇಟೆಗಾರ ದೊಡ್ಡಬೋರನ ಪಂಚೆಗೆ ಬಲೆಯ ಹಾಗೆ ಅಡ್ಡಗೆರೆ ಉದ್ದಗೆರೆ. ಜಗಳ ನಿಂತಿತು. ಊರಿಗೆ ಊರೇ ಅವಳನ್ನು ಹೊಗಳಿತು. ಆದರೆ ಒಂದು ವಿಷಯ ಯಾರಿಗೂ ಹೊಳೆಯಲಿಲ್ಲ, ಅವಳಿಗೂ ಹೊಳೆಯಲಿಲ್ಲ. ನಲವತ್ತು ಮನೆಗೂ ಗುರುತು ಕೊಟ್ಟವಳು ತನಗೊಂದು ಇಟ್ಟುಕೊಂಡಿರಲಿಲ್ಲ.

ಇಟ್ಟುಕೊಳ್ಳೋಕೆ ಅವಳ ಹತ್ತಿರ ಇದ್ದದ್ದಾದರೂ ಏನು? ಒಂದು ಕತ್ತೆ. ಒಂದು ಬೂದು ಬಣ್ಣದ ಬೆಕ್ಕು, ಹೆಸರು ಬೂದಿ. ಒಂದು ಮೊಲ, ಹೆಸರು ತುಪ್ಪಟ. ತುಪ್ಪಟ ಮರಿಯಾಗಿದ್ದಾಗ ಹೊಳೆ ದಾರಿ ಬದಲಾಯಿಸುವ ಭರದಲ್ಲಿ ಅದರ ಗೂಡನ್ನು ತಂದು ಅವಳ ಬಂಡೆಗೆ ಹಾಕಿತ್ತು. ಕೆಂಚಕ್ಕ ಬಟ್ಟೆ ಹಿಂಡಿದ ಹಾಗೆ ಮೆಲ್ಲಗೆ ಮರಿಯನ್ನು ಹಿಂಡಿ, ಬಿಸಿಲಿಗೆ ಒಣಗಿಸಿ, ಸಾಕಿಕೊಂಡಿದ್ದಳು.

ತುಪ್ಪಟನಿಗೆ ಗಾಳಿ ಅಂದರೆ ಬಲು ಸ್ನೇಹ. ಗಾಳಿ ಎಲ್ಲೆಲ್ಲೋ ಅಲೆದು ಬಂದು ಅದರ ಕಿವಿಯಲ್ಲಿ ಸುದ್ದಿ ಹೇಳುತ್ತಿತ್ತು. "ಅಲ್ಲಿ ಹುರುಳಿ ಚಿಗುರಿದೆ. ಇಲ್ಲಿ ನರಿ ಮಲಗಿದೆ. ನರಿ ಎದ್ದಿತು, ಓಡು!" ತುಪ್ಪಟ ಕಿವಿ ನಿಮಿರಿಸಿ ಕೇಳುತ್ತಿತ್ತು, ಓಡುತ್ತಿತ್ತು, ತಿರುಗಿ ಬರುತ್ತಿತ್ತು.

ಒಂದು ಸಲ ತಿರುಗಿ ಬರಲಿಲ್ಲ.

ಕೆಂಚಕ್ಕ ಎದ್ದಳು, ಕೂತಳು, ಮತ್ತೆ ಎದ್ದಳು. ಒಗೆಯುವುದನ್ನು ಅರ್ಧಕ್ಕೆ ಬಿಟ್ಟು ಓಡಿದಳು. ಹುರುಳಿ ಹೊಲದ ಅಂಚಿನಲ್ಲಿ ದೊಡ್ಡಬೋರ ಬಲೆ ಬಿಡಿಸುತ್ತಿದ್ದ. ಬಲೆಯೊಳಗೆ ತುಪ್ಪಟ.

"ಅಣ್ಣಾ, ಅದು ನನ್ನ ಮೊಲ ಕಣಣ್ಣ!"

"ಬಲೆಗೆ ಬಿದ್ದದ್ದು ಬಲೆಯವನದು ಕಣಕ್ಕಾ. ನಿನ್ನದು ಅನ್ನೋಕೆ ಗುರುತೆಲ್ಲಿ?"

"ಗುರುತು ಯಾಕೆ? ನೋಡು, ನನ್ನ ಮುಖ ಕಂಡ ಕೂಡಲೇ ಹೇಗೆ ಮೂಗು ಅಲ್ಲಾಡಿಸ್ತಾ ಇದೆ."

"ನನ್ನ ಮುಖ ಕಂಡ್ರೂ ಅಲ್ಲಾಡಿಸ್ತಾ ಇದೆ. ಮೊಲ ಅಲ್ವಾ, ಅದಕ್ಕೆ ಬೇರೆ ಕೆಲಸ ಏನಿದೆ?"

ಕೆಂಚಕ್ಕನ ಕಣ್ಣಲ್ಲಿ ನೀರು ಬಂತು. ದೊಡ್ಡಬೋರ ಒರಟ, ಆದರೆ ಕೆಟ್ಟವನಲ್ಲ. ತಲೆ ಕೆರೆದುಕೊಂಡ.

"ಇವತ್ತೊಂದು ದಿನ ಬಿಡ್ತೀನಿ. ಕೇಳಿಸ್ಕೋ. ಗುರುತಿರೋದನ್ನ ನಾನು ಮುಟ್ಟಲ್ಲ, ಇದು ನನ್ನ ಮಾತು. ಗುರುತಿಲ್ಲದ್ದು ನನ್ನ ಸಾರಿನ ಮಡಕೆಗೆ. ಅದೂ ನನ್ನ ಮಾತೇ."

ಕೆಂಚಕ್ಕ ಮೊಲವನ್ನು ಸೆರಗಿನಲ್ಲಿ ಕಟ್ಟಿಕೊಂಡು ಮನೆಗೆ ಬಂದಳು. ಬಂದವಳು ಕೂರಲಿಲ್ಲ. ಹಳೆಯ ಸೀರೆಯ ಅಂಚು ಹರಿದು ಎರಡು ಕೊರಳಪಟ್ಟಿ ಮಾಡಿದಳು, ಒಂದು ಮೊಲಕ್ಕೆ, ಒಂದು ಬೆಕ್ಕಿಗೆ. ಕರಿಗೇರಿನ ಕಾಯಿ ಚುಚ್ಚಿದಳು. ತನಗೆ ಯಾವ ಗುರುತು? ಯೋಚಿಸುವಷ್ಟು ತಾಳ್ಮೆ ಎಲ್ಲಿತ್ತು! ಕಾಯಿಯನ್ನು ಹಾಗೇ ಹಿಂಡಿ ದಪ್ಪ ಬೊಟ್ಟೊಂದನ್ನು ಮೆತ್ತಿದಳು. ಸುಣ್ಣದ ನೀರು ಸವರಿದಳು.

ಮೂರು ಬಿಸಿಲು ಒಣಗಿಸಬೇಕಿತ್ತಲ್ಲ? ಹಸಿ ಗುರುತಿನ ಬಟ್ಟೆಯನ್ನು ಮಡಿಸಬಾರದು, ಆಚೆ ಮಡಿಕೆಗೂ ಇಳಿಯುತ್ತೆ ಅಂತ ಊರಿಗೆಲ್ಲ ಹೇಳುತ್ತಿದ್ದವಳು ಅವಳೇ. ಆದರೆ ಮೂರು ದಿನ! ಮೂರು ದಿನದಲ್ಲಿ ಎಷ್ಟು ಸಾರು ಕುದಿಯಬಹುದು! ಹಸಿಹಸಿಯಾಗಿಯೇ ಕಟ್ಟಿಬಿಟ್ಟಳು. ಕಟ್ಟಿದ್ದು ಯಾವ ಗಂಟು? ಅವಳಿಗೆ ಗೊತ್ತಿದ್ದದ್ದು ಒಂದೇ, ಕತ್ತೆಯ ಮೇಲೆ ಬಟ್ಟೆ ಮೂಟೆ ಬಿಗಿಯುವ ಗಂಟು. ಎಳೆದಷ್ಟೂ ಬಿಗಿಯುವ ಗಂಟು.

"ಇದೇನಿದು?" ಅಂತ ಕೇಳಿತು ಬೂದಿ.

"ಕೊರಳಪಟ್ಟಿ ಕಣೇ. ನೀನು ನನ್ನವಳು ಅಂತ ಗೊತ್ತಾಗೋಕೆ."

"ಯಾರಿಗೆ?"

"ಊರಿಗೆ."

"ಊರಿಗೆ ಏನಾಗಬೇಕಂತೆ? ನೀನು ನನ್ನವಳು ಅಂತ ನಾನೇನಾದ್ರೂ ನಿನ್ನ ಕೊರಳಿಗೆ ಕಟ್ಟಿದ್ದೀನಾ?"

ಕೆಂಚಕ್ಕ ಸುಣ್ಣದ ಬಟ್ಟಲು ಎತ್ತಿಡಲು ಹೋದಳು. ಅವಳು ತಿರುಗುವಷ್ಟರಲ್ಲಿ ಬೂದಿ ಪಟ್ಟಿಯೊಳಗಿಂದ ತಲೆ ಜಾರಿಸಿ ಹೊರಗೆ ಬಂದಾಗಿತ್ತು. ಮತ್ತೆ ಕಟ್ಟಿದಳು, ಮತ್ತೆ ಜಾರಿತು. ಏಳು ಸಲ ಕಟ್ಟಿದಳು. ಎಂಟನೆಯ ಸಲ ಬೆಕ್ಕು ಪಟ್ಟಿಯನ್ನು ಸತ್ತ ಇಲಿಯ ಹಾಗೆ ಬಾಯಲ್ಲಿ ಕಚ್ಚಿ ತಂದು ಅವಳ ಕಾಲ ಬುಡದಲ್ಲಿ ಹಾಕಿತು. ಆಮೇಲೆ ಹಿಂಗಾಲೆತ್ತಿ ಕತ್ತು ಕೆರೆಯಲು ಕೂತಿತು. ಕರಿಗೇರಿನ ಹಾಲು ಸೋಕಿದರೆ ತುರಿಕೆ ಅಂದರೆ ಅಂಥಿಂಥ ತುರಿಕೆಯಲ್ಲ.

ತುಪ್ಪಟ ಮಾತ್ರ ತುಂಬ ಮರ್ಯಾದಸ್ಥ ಮೊಲ. ಏನು ಹೇಳಿದರೂ "ಆಗಲಿ ಅಕ್ಕಾ" ಅನ್ನುತ್ತಿತ್ತು.

"ಬಿಗಿ ಆಯ್ತೇನೋ?"

"ಆಗಲಿ ಅಕ್ಕಾ."

"ತುರಿಸುತ್ತೇನೋ?"

"ಆಗಲಿ ಅಕ್ಕಾ."

ಪಟ್ಟಿಯ ತುದಿ ಕಿವಿಯ ಹಿಂದೆ ಪಟಪಟ ಬಡಿಯುತ್ತಿತ್ತು. ಗಾಳಿ ಬಂದು, "ಏ ತುಪ್ಪಟ, ಹೊಳೆ ಆಚೆಗೆ ಹೊಸ ಹುಲ್ಲು ಬಂದಿದೆಯಂತೆ" ಅಂದಿತು. "ಏನು? ಏನಂದೆ?" ಅಂದಿತು ಮೊಲ. ಗಾಳಿ ಎರಡನೆಯ ಸಲ ಹೇಳಿತು. ಮೂರನೆಯ ಸಲ ಹೇಳುವ ಅಭ್ಯಾಸ ಗಾಳಿಗಿಲ್ಲ, ಹೊರಟುಹೋಯಿತು.

ಮೂರು ದಿನ ಕಳೆಯಿತು. ಕೆಂಚಕ್ಕನಿಗೆ ನೆಮ್ಮದಿ ಬರಬೇಕಿತ್ತು, ಬರಲಿಲ್ಲ. ಬಂಡೆಯ ಮೇಲೆ ಬಟ್ಟೆ ಬಡಿಯುತ್ತ ಹೊಳೆಯನ್ನು ಕೇಳಿದಳು, "ಅಲ್ಲಮ್ಮಾ, ಗುರುತು ಕಟ್ಟಿ ಆಯ್ತು. ಆದ್ರೂ ಎದೆ ಯಾಕೆ ಹೀಗೆ ಹೊಡ್ಕೊಳ್ಳುತ್ತೆ?"

"ನನ್ನನ್ನ ಕೇಳಬೇಡ. ಒಂದು ಕಡೆ ನಿಂತು ಯೋಚಿಸೋ ಜಾತಿ ನಾನಲ್ಲ," ಅಂತ ಹೊಳೆ ಮುಂದೆ ಹೋಯಿತು.

ನಾಲ್ಕನೆಯ ದಿನ ನೆತ್ತಿಯ ಮೇಲೆ ಬಿಸಿಲಿತ್ತು. ಹುರುಳಿ ಹೊಲದಲ್ಲಿ ತುಪ್ಪಟ ಮೇಯುತ್ತಿತ್ತು. ಪೊದೆಯ ಹಿಂದೆ ನರಿ ಎದ್ದಿತು.

"ಓಡು!" ಅಂದಿತು ಗಾಳಿ.

ಪಟಪಟ ಅಂದಿತು ಕೊರಳಪಟ್ಟಿ.

"ಏನಂದೆ?" ಅಂದಿತು ಮೊಲ.

"ಓಡೋ ಕಿವುಡಾ!" ಅಂತ ಗಾಳಿ ಈ ಸಲ ಮೂರನೆಯ ಬಾರಿಯೂ ಕೂಗಿತು. ತುಪ್ಪಟ ಓಡಿತು. ಎಲ್ಲ ಮೊಲಗಳ ಹಾಗೆ ಬೇಲಿಯ ಸಂದಿಗೇ ನುಗ್ಗಿತು. ಅದು ಕಾರೆಮುಳ್ಳಿನ ಬೇಲಿ. ಮೊಲ ಆಚೆಗೆ ಹೋಯಿತು, ಪಟ್ಟಿ ಮುಳ್ಳಿಗೆ ಸಿಕ್ಕಿಕೊಂಡಿತು. ಎಳೆಯಿತು, ಬಿಗಿಯಿತು. ಇನ್ನೂ ಎಳೆಯಿತು, ಇನ್ನೂ ಬಿಗಿಯಿತು.

ನರಿ ಓಡುವುದನ್ನು ನಿಲ್ಲಿಸಿ ನಡೆದುಕೊಂಡು ಬಂದಿತು. "ಯಾರೋ ಪುಣ್ಯಾತ್ಮರು ಊಟ ಕಟ್ಟಿಟ್ಟಿದ್ದಾರೆ," ಅಂತ ತುಟಿ ಸವರಿಕೊಂಡಿತು.

ಗಾಳಿ ಒಂದೇ ಉಸಿರಿಗೆ ಹೊಳೆಯ ದಡಕ್ಕೆ ಬಂತು. ಕೆಂಚಕ್ಕನ ಕಿವಿಯಲ್ಲಿ ಕೂಗಿತು. ಮನುಷ್ಯರ ಕಿವಿ, ಅದರಲ್ಲೂ ಬಟ್ಟೆ ಬಡಿಯುವಾಗ, ಏನು ಕೇಳೀತು! ಗಾಳಿಗೆ ಬೇರೆ ದಾರಿ ಕಾಣಲಿಲ್ಲ. ಒಣಹಾಕಿದ್ದ ದೊಡ್ಡಬೋರನ ಪಂಚೆಯನ್ನೇ ಎತ್ತಿಕೊಂಡು ಹಾರಿತು.

"ಅಯ್ಯೋ ಹಾಳು ಗಾಳಿಯೇ! ಇನ್ನೊಬ್ಬರ ಬಟ್ಟೆ ಕಣೋ ಅದು!" ಅಂತ ಕೆಂಚಕ್ಕ ಹಿಂದೆಯೇ ಓಡಿದಳು. ಪಂಚೆ ಕಲ್ಲು ಹಾರಿತು, ಅವಳೂ ಹಾರಿದಳು. ಪಂಚೆ ಹೊಲ ದಾಟಿತು, ಅವಳೂ ದಾಟಿದಳು. ಪಂಚೆ ಹೋಗಿ ಕಾರೆಮುಳ್ಳಿನ ಬೇಲಿಯ ಮೇಲೆ ಬಿದ್ದಿತು.

ಬೇಲಿಯಲ್ಲಿ ತುಪ್ಪಟ ನೇತಾಡುತ್ತಿತ್ತು. ಎರಡು ನೆಗೆತದ ಆಚೆ ನರಿ.

ಕೆಂಚಕ್ಕ ಪಂಚೆ ಸೆಳೆದಳು, ಅಭ್ಯಾಸಬಲದಿಂದ ಎರಡು ಸುತ್ತು ಹುರಿ ಮಾಡಿದಳು, ಬಂಡೆಗೆ ಬಡಿಯುವ ಹಾಗೆ ನರಿಯ ಬೆನ್ನಿಗೆ ಬಡಿದಳು. ಒಂದೇ ಏಟು. ನರಿ ಊಟದ ಆಸೆ ಬಿಟ್ಟು ಹೊಲದಾಚೆ ಓಟ ಕಿತ್ತಿತು.

ಆದರೆ ಗಂಟು! ಬೆರಳಿಗೆ ಬಗ್ಗಲಿಲ್ಲ. ಉಗುರಿಗೆ ಬಗ್ಗಲಿಲ್ಲ. ತುಪ್ಪಟನ ಕಣ್ಣು ಮೇಲೆ ಹೋಗುತ್ತಿತ್ತು. "ಬಿಗಿ ಆಯ್ತೇನೋ?" ಅಂದಳು ಕೆಂಚಕ್ಕ ಅಳುತ್ತ. ಮೊಲ ಈ ಸಲ "ಆಗಲಿ ಅಕ್ಕಾ" ಅನ್ನಲಿಲ್ಲ. ಅನ್ನುವುದಕ್ಕೆ ಉಸಿರೇ ಇರಲಿಲ್ಲ.

ಕೆಂಚಕ್ಕ ಬಾಯಿ ಹಾಕಿದಳು. ಕರಿಗೇರು ನೆನೆದ ಪಟ್ಟಿಯನ್ನು ಹಲ್ಲಿನಿಂದ ಕಡಿದಳು. ತುಟಿ ಉರಿಯಿತು, ಕಡಿದಳು. ನಾಲಗೆ ಉರಿಯಿತು, ಕಡಿದಳು. ಪಟ್ಟಿ ಪಟ್ಟನೆ ಹರಿಯಿತು. ತುಪ್ಪಟ ನೆಲಕ್ಕೆ ಬಿತ್ತು, ಒಂದು ಸಲ ಉಸಿರೆಳೆಯಿತು, ದಿಕ್ಕು ತೋಚದೆ ಓಡಿತು. ಓಡಿ ಹೋಗಿ ನೇರವಾಗಿ ದೊಡ್ಡಬೋರನ ಬಲೆಗೆ ಬಿತ್ತು.

ದೊಡ್ಡಬೋರ ಮರದ ಹಿಂದಿನಿಂದ ಬಂದ. ಮೊಲವನ್ನು ಎತ್ತಿ ಹಿಡಿದ.

"ಏನಕ್ಕಾ, ಇದೂ ನಿನ್ನದೇನಾ? ಕೊರಳಲ್ಲಿ ಏನೂ ಕಾಣಲ್ಲ. ಗುರುತೆಲ್ಲಿ?"

ಕೆಂಚಕ್ಕ ಬಾಯಿ ತೆರೆದಳು. ತುಟಿ ಬದನೆಕಾಯಿ ಹಾಗೆ ಊದಿತ್ತು. "ಮ್ಮ್," ಅಂದಳು. "ಮ್ಮ್ ಮ್ಮ್!"

"ಬಾಯಿ ತುಂಬ ಕಡುಬು ಇಟ್ಕೊಂಡು ಮಾತಾಡಿದ್ರೆ ನನಗೆ ಹೇಗೆ ತಿಳಿಯಬೇಕು? ಅಲ್ಲಾ, ಕೈಯಲ್ಲಿರೋದು ನನ್ನ ಪಂಚೆ ಅಲ್ವಾ ಅದು?"

"ಮ್ಮ್!"

"ಆಡಿದ ಮಾತು ಆಡಿದ್ದೇ ಕಣಕ್ಕಾ. ಗುರುತಿಲ್ಲದ್ದು ಮಡಕೆಗೆ." ಅವನು ಚೀಲ ಬಿಚ್ಚಿದ. ಕೆಂಚಕ್ಕ ಕೂಗಬೇಕು, ಕೂಗು ಬರುವುದಿಲ್ಲ. ಹಸಿಯಾಗಿ ಕಟ್ಟಿದ್ದು ನೆನಪಾಗಿ ಓಡಿ ಹೋಗಿ ಮೊಲವನ್ನು ಹಿಡಿದು ಬೆನ್ನು ಮೇಲಾಗಿ ತಿರುಗಿಸಿದಳು.

ಕಿವಿಗಳ ಹಿಂದೆ, ಕತ್ತಿನ ಮೇಲೆ, ಕಪ್ಪಗೆ ಒಂದು ಮಚ್ಚೆ.

ದೊಡ್ಡಬೋರ ಹೆಬ್ಬೆರಳಿನಿಂದ ಉಜ್ಜಿದ. ಹೋಗಲಿಲ್ಲ. ಎಂಜಲು ಹಚ್ಚಿ ಉಜ್ಜಿದ. ಹೋಗಲಿಲ್ಲ. ಮಣ್ಣು ಹಾಕಿ ಉಜ್ಜಿದ. ತನ್ನ ಪಂಚೆಯ ಮೂಲೆ ಎತ್ತಿ, ಅಲ್ಲಿದ್ದ ಬಲೆಗುರುತನ್ನೂ ಮೊಲದ ಕತ್ತನ್ನೂ ಒಂದರ ಪಕ್ಕ ಒಂದು ಇಟ್ಟು ನೋಡಿದ. ಅದೇ ಕಪ್ಪು.

"ನಿನ್ನ ಗುರುತೇ ಕಣಕ್ಕಾ," ಅಂತ ಮೊಲವನ್ನು ಅವಳ ಕೈಗಿಟ್ಟ. "ತಗೊಂಡು ಹೋಗು. ಬಿಗಿಯಾಗಿ ಒಂದು ಹೊಸ ಪಟ್ಟಿ ಕಟ್ಟು."

ಕೆಂಚಕ್ಕ ಅಂಗೈಯಲ್ಲಿ ಹಿಡಿದುಕೊಂಡಳು. ಮೊಲದ ಎದೆ ಡವಡವ ಅನ್ನುತ್ತಿತ್ತು. ಅವಳದ್ದೂ ಅನ್ನುತ್ತಿತ್ತು, ಯಾವುದು ಯಾರದು ಅಂತ ಹೇಳುವ ಹಾಗಿರಲಿಲ್ಲ. ಮೊಲದ ಕೊರಳ ಮುಂದೆ ಪಟ್ಟಿ ಉಜ್ಜಿ ರೋಮವೆಲ್ಲ ಉದುರಿತ್ತು. ಅದನ್ನು ನೋಡಿದಳು. ಬೇಲಿಯಲ್ಲಿ ನೇತಾಡುತ್ತಿದ್ದ ಪಟ್ಟಿಯ ಚೂರನ್ನು ನೋಡಿದಳು. ಬಗ್ಗಿ ತುಪ್ಪಟನನ್ನು ನೆಲಕ್ಕೆ ಬಿಟ್ಟಳು.

ಮೊಲ ಒಂದು ನೆಗೆತ ನೆಗೆದು ನಿಂತಿತು. ಕಿವಿ ನಿಮಿರಿಸಿತು. ಗಾಳಿ ಏನೋ ಹೇಳಿತು, ಈ ಸಲ ಒಂದೇ ಸಲಕ್ಕೆ ಕೇಳಿಸಿತು. ಓಡಿತು.

"ಬಿಟ್ಟೇಬಿಟ್ಟೆಯಲ್ಲ! ಇನ್ನು ಬರುತ್ತೆ ಅಂತೀಯಾ?" ಅಂದ ದೊಡ್ಡಬೋರ.

"ಮ್ಮ್," ಅಂದಳು ಕೆಂಚಕ್ಕ. ಅಂದು ಸಂಜೆಯೂ ಅವಳು ಎದ್ದಳು, ಕೂತಳು, ಮತ್ತೆ ಎದ್ದಳು. ಮೊಲ ಬಾಗಿಲಿಗೆ ಬರಲಿಲ್ಲ. ಹುರುಳಿ ಹೊಲದ ಅಂಚಿಗೆ ಬಂತು, ಅಷ್ಟೇ. ಅವಳು ಬಾಗಿಲಲ್ಲಿ, ಅದು ಅಂಚಿನಲ್ಲಿ, ಕತ್ತಲಾಗುವ ತನಕ ಒಬ್ಬರನ್ನೊಬ್ಬರು ನೋಡಿದರು.

ಬೂದಿ ಬಂದು ಅವಳ ಕಾಲಿಗೆ ಕತ್ತು ಉಜ್ಜಿತು. ತುಟಿಯ ಊತ ಇಳಿದ ಮೇಲೆ ಕೆಂಚಕ್ಕ ಬೆಕ್ಕಿನ ಹತ್ತಿರ ಒಂದು ಒಪ್ಪಂದದ ಮಾತು ಆಡಿದಳಂತೆ. "ನಿನಗೆ ಬೇಕಾದ್ರೆ ಮಾತ್ರ ಕಟ್ತೀನಿ ಕಣೇ. ಒಂದೇ ಒಂದು ಎಳೆ ನೂಲು. ಎಲ್ಲಾದ್ರೂ ಸಿಕ್ಕಿಕೊಂಡ್ರೆ ತಾನೇ ಕಿತ್ತು ಬರಬೇಕು, ಹಾಗೆ." ಬೆಕ್ಕು, "ಯೋಚಿಸಿ ಹೇಳ್ತೀನಿ," ಅಂದಿತು. ಇನ್ನೂ ಯೋಚಿಸುತ್ತಿದೆ. ಬಾಗಿಲ ಚೌಕಟ್ಟಿಗೆ, ಮಂಚದ ಕಾಲಿಗೆ, ನಿಮ್ಮ ಕಾಲಿಗೆ ಅದು ಕತ್ತು ಉಜ್ಜುವುದು ಪ್ರೀತಿಗೆ ಅಂತ ಕೆಲವರು ಹೇಳುತ್ತಾರೆ. ಕೊರಳಲ್ಲಿ ಯಾರಾದರೂ ಏನಾದರೂ ಕಟ್ಟಿಬಿಟ್ಟಿದ್ದಾರೋ ಅಂತ ನೋಡಿಕೊಳ್ಳುವುದಕ್ಕೆ ಅನ್ನುವುದೇ ನಿಜ. ಇದನ್ನು ಹೇಳಿದ್ದು ಕೆಂಚಕ್ಕನ ಕತ್ತೆ. ಕತ್ತೆಗಳು ಸುಳ್ಳು ಹೇಳುವುದನ್ನು ಯಾರೂ ಕೇಳಿಲ್ಲ.

ಎರಡು ಮಳೆಗಾಲ ಕಳೆಯಿತು. ಒಂದು ಬೆಳಿಗ್ಗೆ ದೊಡ್ಡಬೋರ ಖಾಲಿ ಚೀಲ ಹೆಗಲಿಗೆ ಹಾಕಿಕೊಂಡು ಹೊಳೆಯ ಹತ್ತಿರ ಬಂದ. ಮುಖ ಸಣ್ಣಗಾಗಿತ್ತು.

"ಅಕ್ಕಾ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ನೀನು ಎಷ್ಟು ಮೊಲ ಸಾಕಿದ್ದೀಯ?"

"ಯಾಕಣ್ಣಾ?"

"ನಿನ್ನೆ ಮೂರು ಬಿದ್ದವು. ತಿರುಗಿಸಿ ನೋಡಿದ್ರೆ ಮೂರಕ್ಕೂ ಕತ್ತಿನ ಹಿಂದೆ ನಿನ್ನ ಗುರುತು. ಮೊನ್ನೆ ಐದು. ಐದಕ್ಕೂ ನಿನ್ನ ಗುರುತೇ. ಮರಿಗಳಿಗೂ ಇದೆ! ಮುಟ್ಟಲ್ಲ ಅಂತ ಮಾತು ಕೊಟ್ಟಾಗಿದೆ, ಎಲ್ಲಾನೂ ಬಿಟ್ಟೆ. ನಾನು ಸಾರಿಗೆ ಏನು ಮಾಡ್ಲಿ?"

ಕೆಂಚಕ್ಕ ಕೈಯಲ್ಲಿದ್ದ ಬಟ್ಟೆಯನ್ನು ಬಂಡೆಯ ಮೇಲಿಟ್ಟಳು. ಲೋಕ ಹುಟ್ಟಿದಂದಿನಿಂದ ಮೊದಲ ಸಲ, ನಿಧಾನವಾಗಿ ಕಾಲು ನೀಡಿ ಕೂತಳು.

"ಹುರುಳಿ ಹಾಕ್ಕೋ," ಅಂದಳು.

ಅದಕ್ಕೇ ಇವತ್ತಿಗೂ ಹೊಲದ ಅಂಚಿನಲ್ಲಿ ಕಾಡುಮೊಲ ಕಂಡರೆ, ಅದು ನಿಮ್ಮನ್ನು ನೋಡಿ ಓಟ ಕೀಳುವ ಮೊದಲು ಕಿವಿಗಳ ಹಿಂದೆ ಕಣ್ಣು ಹಾಯಿಸಿ: ಬರೀ ಕೊರಳಿನ ಆ ಮೊಲದ ಕತ್ತಿನ ಮೇಲೆ, ಎಷ್ಟು ಮಳೆ ಹೊಯ್ದರೂ ಹೋಗದ ಕೆಂಚಕ್ಕನ ಕಪ್ಪು ಬೊಟ್ಟು ಹಾಗೇ ಇದೆ.