ನಲವತ್ತು ಸೆಕೆಂಡಿನ ಗಟ್ಟಿಮೇಳ

ಚಿಂತಾಮಣಿಯಲ್ಲಿ ಕೋದಂಡಪ್ಪ ಎಂಬ ನಾಗಸ್ವರದವನಿದ್ದ. ಅವನ ಜೊತೆ ಡೋಲು ನುಡಿಸುವವನು ಪಿಳ್ಳಪ್ಪ. ಇಪ್ಪತ್ತಾರು ವರ್ಷ ಇಬ್ಬರೂ ಒಂದೇ ಜಮಖಾನದ ಮೇಲೆ ಕೂತು ಸುತ್ತಲಿನ ಊರುಗಳ ಮದುವೆಗಳಿಗೆಲ್ಲ ನುಡಿಸಿದ್ದರು. ಕೋದಂಡಪ್ಪನ ಕೆನ್ನೆ ಉಬ್ಬಿದ್ದು ನೋಡಿಯೇ ಅವನು ಮುಂದೆ ಎಲ್ಲಿಗೆ ಹೊರಟನೆಂದು ಪಿಳ್ಳಪ್ಪನಿಗೆ ಗೊತ್ತಾಗುತ್ತಿತ್ತು.

ಪಿಳ್ಳಪ್ಪನಿಗೆ ಒಬ್ಬಳೇ ಮಗಳು, ವರಲಕ್ಷ್ಮಿ. ಅವಳ ನಾಮಕರಣದ ದಿನ ತೊಟ್ಟಿಲ ಪಕ್ಕ ಕೂತು ಊದಿದ್ದ ಕೋದಂಡಪ್ಪ, "ಈ ಕೂಸಿನ ಮದ್ವೆಗೂ ನಾನೇ ಊದ್ತೀನಿ ಪಿಳ್ಳಣ್ಣ, ಇದು ನನ್ ಮಾತು" ಎಂದಿದ್ದ.

ಒಂದು ದಿನ ಬೆಂಗಳೂರಿನ ಸ್ಟುಡಿಯೋದವರು ಇಬ್ಬರನ್ನೂ ಕರೆಸಿಕೊಂಡರು. ಮದುವೆಯ ವಾದ್ಯವನ್ನೆಲ್ಲ ರೆಕಾರ್ಡ್ ಮಾಡಬೇಕಂತೆ. ಕೋದಂಡಪ್ಪನನ್ನು ಒಂದು ಕೋಣೆಯಲ್ಲಿ ಕೂರಿಸಿದರು, ಪಿಳ್ಳಪ್ಪನನ್ನು ಇನ್ನೊಂದರಲ್ಲಿ. ನಡುವೆ ಗೋಡೆ. ಕಿವಿಗೆ ಹೆಡ್‌ಫೋನ್ ಹಾಕಿ, ತಾಳಕ್ಕೆಂದು ಅದರೊಳಗೆ ಟಿಕ್ ಟಿಕ್ ಸದ್ದು ಬಿಟ್ಟರು. ಗಟ್ಟಿಮೇಳವೊಂದನ್ನೇ ಹದಿನೇಳು ಸಲ ಊದಿಸಿದರು. ಮೂರನೆಯ ಸಲದ ಆರಂಭ, ಒಂಬತ್ತನೆಯ ಸಲದ ನಡು, ಹದಿನಾರನೆಯ ಸಲದ ಮುಕ್ತಾಯ, ಇಷ್ಟನ್ನು ಕತ್ತರಿಸಿ ಕಂಪ್ಯೂಟರಿನಲ್ಲಿ ಅಂಟಿಸಿದರು. ಎಲ್ಲೋ ಒಂದು ನಿಷಾದ ಸ್ವರ ಕೂದಲೆಳೆಯಷ್ಟು ಇಳಿದಿತ್ತು. ಅದನ್ನೂ ಎತ್ತಿ ಸರಿ ಮಾಡಿದರು. ಒಟ್ಟು ನಲವತ್ತು ಸೆಕೆಂಡು. ಒಂದು ಕಡೆಯೂ ಕೊಂಕಿಲ್ಲ.

"ಇದು ನಾನೇನಾ?" ಎಂದು ಕೋದಂಡಪ್ಪ ಬಾಯಿ ಬಿಟ್ಟುಕೊಂಡು ಕೇಳಿದ. ಆ ದಿನ ಅವನ ಕಾಲು ನೆಲದ ಮೇಲಿರಲಿಲ್ಲ.

ಹಿಗ್ಗು ಒಂದೇ ವಾರ. ಅಷ್ಟರಲ್ಲಿ ಆ ರೆಕಾರ್ಡು ಊರೂರಿನ ಮೊಬೈಲಿಗೆಲ್ಲ ಹಬ್ಬಿತು. ಆಮೇಲೆ ಶುರುವಾಯಿತು ನೋಡಿ ಸಂಕಟ. ಮದುವೆಗೆ ಹೋದಲ್ಲೆಲ್ಲ ಜನ, "ನಮ್ ಮೊಬೈಲಲ್ಲಿ ಇರೋ ಥರಾನೇ ಬರ್ಲಿ ಸ್ವಾಮಿ" ಎನ್ನತೊಡಗಿದರು. ಕೋದಂಡಪ್ಪ ಊದುತ್ತಿದ್ದ. ಆ ಥರ ಬರುತ್ತಿರಲಿಲ್ಲ. ಹೇಗೆ ಬಂದೀತು? ಹದಿನೇಳು ಉಸಿರಿನಲ್ಲಿ ಆದದ್ದನ್ನು ಒಂದು ಉಸಿರಿನಲ್ಲಿ ಮಾಡೆಂದರೆ ಯಾರಿಂದಾದೀತು? ಆದರೆ ಅವನಿಗೆ ಇದು ಹೊಳೆಯಲಿಲ್ಲ. ತನ್ನ ಬಾಯೇ ತನಗೆ ಕೈಕೊಟ್ಟಿತೆಂದುಕೊಂಡ. ಕೂತಲ್ಲಿ ಕೂರಲಾರ, ನಿಂತಲ್ಲಿ ನಿಲ್ಲಲಾರ. ಊಟದ ನಡುವೆ ಎದ್ದು ಹೋಗಿ ರೆಕಾರ್ಡ್ ಕೇಳುವುದು, ಬಂದು ಎರಡು ತುತ್ತು ತಿನ್ನುವುದು, ಮತ್ತೆ ಏಳುವುದು. ಮೊದಲು ಒಂದು ರಾಗ ಹಿಡಿದರೆ ಊರೆಲ್ಲ ಸುತ್ತಿ ಬರುತ್ತಿದ್ದವನು ಈಗ ರೆಕಾರ್ಡಿನಲ್ಲಿ ಇದ್ದಷ್ಟನ್ನೇ, ಇದ್ದ ಹಾಗೇ, ಕಣ್ಣು ಮುಚ್ಚಿಕೊಂಡು ಊದಿ ಮುಗಿಸುತ್ತಿದ್ದ.

"ಏನಯ್ಯಾ, ಮೊದ್ಲು ನನ್ ಮುಖ ನೋಡ್ಕಂಡು ಊದ್ತಿದ್ದೆ. ಈಗ ಪರೀಕ್ಷೆ ಬರೆಯೋನ ಥರ ಕೂತಿರ್ತೀಯಲ್ಲ?" ಎಂದು ಪಿಳ್ಳಪ್ಪ ಕೇಳಿದ.

"ತಪ್ಪಾಗಬಾರದಲ್ಲ ಪಿಳ್ಳಣ್ಣ."

"ತಪ್ಪಾದ್ರೆ ನಾನಿಲ್ವೇನೋ? ಇಷ್ಟು ವರ್ಷ ನಿನ್ ತಪ್ಪನ್ನೆಲ್ಲ ಯಾರು ಮುಚ್ಚಿದ್ದು ಅಂದ್ಕಂಡೆ?"

ಕೋದಂಡಪ್ಪ ನಗಲಿಲ್ಲ. ಅವನ ಕಿವಿಯಲ್ಲಿ ಆ ಟಿಕ್ ಟಿಕ್ ನಿಂತಿರಲಿಲ್ಲ.

ಅಷ್ಟರಲ್ಲಿ ವರಲಕ್ಷ್ಮಿಯ ಮದುವೆ ಗೊತ್ತಾಯಿತು. ಧಾರೆ ಎರೆಯುವ ತಂದೆ ಡೋಲು ಹಿಡಿದು ಕೂರುವಂತಿಲ್ಲ. ಬೇರೆ ಡೋಲಿನವರನ್ನು ಕರೆಸೋಣವೆಂದರೆ ಕೋದಂಡಪ್ಪನಿಗೆ ಧೈರ್ಯ ಸಾಲದು. ಕೂಸಿದ್ದಾಗಿಂದ ಕಂಡ ಹುಡುಗಿ, ಅವಳ ಮುಹೂರ್ತದಲ್ಲೇ ಸ್ವರ ತಪ್ಪಿದರೆ? ಯೋಚಿಸಿ ಯೋಚಿಸಿ ಕೊನೆಗೆ ಪಿಳ್ಳಪ್ಪನ ಹತ್ತಿರ ಹೋಗಿ ಹೇಳಿದ.

"ಗಟ್ಟಿಮೇಳಕ್ಕೆ ರೆಕಾರ್ಡ್ ಹಾಕಿಬಿಡ್ತೀನಿ ಪಿಳ್ಳಣ್ಣ. ಅದ್ರಲ್ಲಿ ನೀನೂ ಇದೀಯ, ನಾನೂ ಇದೀನಿ. ಒಂದು ಚೂರೂ ತಪ್ಪಿಲ್ಲ. ಮಗೂಗೆ ಒಳ್ಳೇದೇ ಸಿಗ್ಲಿ."

ಪಿಳ್ಳಪ್ಪನ ಮುಖ ಬಾಡಿತು. "ನಿನ್ನಿಷ್ಟ" ಎಂದಷ್ಟೇ ಹೇಳಿ ಚಪ್ಪರದ ಕೆಲಸಕ್ಕೆ ಹೋದ.

ಮದುವೆಯ ದಿನ ಬಂತು. ಮನೆಯ ಡೋಲು ಮಗಳ ಮದುವೆಯಲ್ಲಿ ಇರಲೇಬೇಕೆಂದು ಪಿಳ್ಳಪ್ಪ ಅದಕ್ಕೆ ಕುಂಕುಮವಿಟ್ಟು, ಹೂ ಮುಡಿಸಿ, ಜಮಖಾನದ ಮೇಲೆ ಇರಿಸಿದ್ದ. ಅದರ ಪಕ್ಕ ಕೋದಂಡಪ್ಪ ಕೂತ. ತೊಡೆಯ ಮೇಲೆ ನಾಗಸ್ವರ, ಕೈಯಲ್ಲಿ ಮೊಬೈಲು, ಹಿಂದೆ ಆಳೆತ್ತರದ ಸ್ಪೀಕರು. ಧಾರೆ ಮುಗಿಯಿತು. ಪುರೋಹಿತರು ಕೈ ಎತ್ತಿ, "ಗಟ್ಟಿಮೇಳ! ಗಟ್ಟಿಮೇಳ!" ಎಂದರು.

ಗಟ್ಟಿಮೇಳ ಯಾಕೆ ಗೊತ್ತಲ್ಲ ಮಕ್ಕಳೇ? ತಾಳಿ ಕಟ್ಟುವ ಗಳಿಗೆಯಲ್ಲಿ ಸೀನು, ಅಳು, ಕೆಟ್ಟ ಮಾತು ಯಾವುದೂ ಕಿವಿಗೆ ಬೀಳಬಾರದೆಂದು.

ಕೋದಂಡಪ್ಪ ಬೆರಳು ಒತ್ತಿದ. ಛತ್ರವೆಲ್ಲ ನಾದದಿಂದ ತುಂಬಿತು. ಜನ "ಆಹಾ" ಎಂದರು. ಮದುಮಗ ಮೊದಲ ಗಂಟು ಹಾಕಿದ. ಎರಡನೆಯದಕ್ಕೆ ದಾರ ಹೋಗಿ ಹುಡುಗಿಯ ಮಲ್ಲಿಗೆ ದಂಡೆಗೆ ಸಿಕ್ಕಿಕೊಂಡಿತು. ಅವನ ಕೈ ಬೇರೆ ಬೆವೆತಿತ್ತು. ಪುರೋಹಿತರು ಬಗ್ಗಿ ಬಿಡಿಸುತ್ತಿದ್ದಾರೆ, ಬಿಡಿಸುತ್ತಿದ್ದಾರೆ. ಅಷ್ಟರಲ್ಲಿ ನಲವತ್ತು ಸೆಕೆಂಡು ಮುಗಿಯಿತು. ಕೊಂಕಿಲ್ಲದ ಆ ಗಟ್ಟಿಮೇಳ ಕೊಂಕಿಲ್ಲದೆ ನಿಂತುಹೋಯಿತು.

ಛತ್ರ ಗಪ್‌ಚಿಪ್. ಆ ಮೌನದೊಳಗೆ ಮೂರನೆಯ ಸಾಲಿನ ಒಬ್ಬ ಯಜಮಾನರು ಗಟ್ಟಿಯಾಗಿ ಸೀನಿದರು!

ಗಂಡಿನ ತಾಯಿಯ ಮುಖ ಕಪ್ಪಿಟ್ಟಿತು. ಮದುಮಗನ ಕೈ ದಾರ ಹಿಡಿದುಕೊಂಡೇ ನಿಂತಿತು. ಗುಸುಗುಸು ಎದ್ದಿತು. ಕೋದಂಡಪ್ಪ ಮತ್ತೆ ಒತ್ತಿದ. ಬಂದದ್ದು ಗಟ್ಟಿಮೇಳವಲ್ಲ, ಹೆಣ್ಣು ಒಪ್ಪಿಸುವಾಗ ನುಡಿಸುವ ಅಳುವಿನ ರಾಗ. ಗಾಬರಿಯಲ್ಲಿ ಅದನ್ನು ನಿಲ್ಲಿಸಿದ. ವರಲಕ್ಷ್ಮಿ ತಗ್ಗಿಸಿದ ತಲೆ ಎತ್ತಿ ಅವನನ್ನೇ ನೋಡಿದಳು. ಅವನು ಮೊಬೈಲು ಕೆಳಗಿಟ್ಟ.

"ಊದೋ ಕೋದಂಡಾ!"

ಪಿಳ್ಳಪ್ಪ ಮಂಟಪದಿಂದ ಹಾರಿ ಬಂದಿದ್ದ. ಧಾರೆಯ ನೀರು ಇನ್ನೂ ಆರದ ಕೈಯಲ್ಲೇ ಡೋಲು ಎಳೆದುಕೊಂಡ. ಬೆರಳಿಗೆ ತೊಡುವ ಗಟ್ಟಿ ಕವಚಗಳಿಲ್ಲ. ಬರಿ ಬೆರಳಲ್ಲೇ ಬಾರಿಸಿದ.

ಕೋದಂಡಪ್ಪನ ನಾಗಸ್ವರದಲ್ಲಿ ಬಾಯಿಗಿಡುವ ಪೀಪಿ ನೆನೆಯದೆ ಒಣಗಿತ್ತು. ಮೊದಲ ಸ್ವರ ಹುಂಜ ಕೂಗಿದ ಹಾಗೆ ಒಡೆಯಿತು. ಆದರೂ ಬಿಡಲಿಲ್ಲ. ಎಷ್ಟೋ ತಿಂಗಳ ಮೇಲೆ ಕಣ್ಣು ತೆರೆದು ಪಿಳ್ಳಪ್ಪನ ಮುಖ ನೋಡಿದ. ಟಿಕ್ ಟಿಕ್ ಎಲ್ಲಿ ಹೋಯಿತೋ! ಎರಡನೆಯ ಗಂಟು ಬಿತ್ತು. ಮೂರನೆಯದಕ್ಕೆ ಮದುಮಗ ತಡವರಿಸಿದ. ಪಿಳ್ಳಪ್ಪ ಇನ್ನೊಂದು ಸುತ್ತು ಎಳೆದ. ಕೋದಂಡಪ್ಪ ಉಸಿರು ಕಟ್ಟಿ ಅದೇ ಸ್ವರವನ್ನು ಹಿಡಿದು ನಿಂತ. ಗಂಟು ಬಿತ್ತು, ಪುರೋಹಿತರ ಕೈ ಇಳಿಯಿತು, ಇಬ್ಬರೂ ಒಟ್ಟಿಗೇ ನಿಲ್ಲಿಸಿದರು. ಅಕ್ಷತೆ ಮಳೆಗರೆಯಿತು. ಆ ಯಜಮಾನರು ಇನ್ನೆರಡು ಸಲ ಸೀನಿದ್ದರಂತೆ, ಒಬ್ಬರಿಗೂ ಕೇಳಿಸಲಿಲ್ಲ.

ಊಟದ ಹೊತ್ತಿಗೆ ಪಿಳ್ಳಪ್ಪನ ಬೆರಳುಗಳು ಊದಿಕೊಂಡಿದ್ದವು. ಅವನ ಎಲೆಯಲ್ಲಿ ತಾನೇ ಅನ್ನ ಸಾರು ಕಲಸಿಕೊಡುತ್ತ ಕೋದಂಡಪ್ಪ ಮೆಲ್ಲಗೆ ಹೇಳಿದ: "ನಿಷಾದ ಇಳೀತು ಪಿಳ್ಳಣ್ಣ."

"ಇಳೀತು, ಕೇಳಿಸ್ತು. ಅದಕ್ಕೇ ಅಲ್ವೇನೋ ಅಲ್ಲಿ ಅಷ್ಟು ಜೋರಾಗಿ ಹೊಡ್ದಿದ್ದು!"

ಇಬ್ಬರೂ ನಕ್ಕರು. ನಗುತ್ತಾ ನಗುತ್ತಾ ಕೋದಂಡಪ್ಪನ ಕಣ್ಣಲ್ಲಿ ನೀರು ಬಂತು.

ನೀತಿ: ಯಂತ್ರ ನಮ್ಮ ತಪ್ಪನ್ನು ತಿದ್ದಬಲ್ಲದು, ಎದುರಿಗೆ ಗಂಟು ಬಿತ್ತೋ ಇಲ್ಲವೋ ಎಂದು ನೋಡಲಾರದು. ರೆಕಾರ್ಡನ್ನು ಕೇಳಿ ಕಲಿಯಿರಿ, ಅದಕ್ಕೆ ಹೆದರಿ ನಿಮ್ಮ ಉಸಿರನ್ನು ಅದರ ಕೈಗೆ ಕೊಡಬೇಡಿ. ಜೊತೆಯವರ ಮುಖ ನೋಡಿ ನುಡಿಸಿದಾಗ ಸ್ವರ ತಪ್ಪಿದರೂ ಸಂಗೀತ ತಪ್ಪುವುದಿಲ್ಲ.